ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೋಂಕು ರೋಗ ಸಂಶೋಧನಾ ತರಬೇತಿ: ಸಹಿಗೆ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಸಹ ಪ್ರಾಧ್ಯಾಪಕಿ. ಸೋಂಕು ರೋಗಗಳ ಸಂಶೋಧಕರನ್ನು ತಯಾರು ಮಾಡಲು ಅಮೆರಿಕದ ವಿಶ್ವವಿದ್ಯಾಲಯವೊಂದು ನಮ್ಮ ಕಾಲೇಜಿಗೆ ಐದು ವರ್ಷದ ಒಡಂಬಡಿಕೆಯ ಕರಡು ಕಳಿಸಿದೆ. ವರ್ಷಕ್ಕೆ ಇಬ್ಬರು ಅಲ್ಲಿಗೆ ಹೋಗಿ ಎರಡು ವರ್ಷದ ಸ್ನಾತಕೋತ್ತರ ಪದವಿ ಮಾಡಬೇಕು. ನಮ್ಮ ಜ್ವರದ ರೋಗಿಗಳ ಸ್ಯಾಂಪಲ್‌ಗಳ ಪರೀಕ್ಷೆ ಅಲ್ಲಿನ ಲ್ಯಾಬ್‌ನಲ್ಲಿ ಆಗುತ್ತದೆ. ಬಜೆಟ್‌ನಲ್ಲಿ ಫೀಸು, ಟಿಕೆಟ್, ಶಿಷ್ಯವೇತನ, ವಿಮೆ ಇವೆ. ಆಡಳಿತ ಮಂಡಳಿಗೆ ಸಹಿ ಹಾಕುವ ಆತುರ. ಕರಡಿನಲ್ಲಿ ಏನು ನೋಡಬೇಕು, ಯಾರನ್ನು ಕಳಿಸಬೇಕು, ಇಂಥವು ಎಲ್ಲಿ ಎಡವುತ್ತವೆ?

ಉತ್ತರ: ನೀವು ಕೊಟ್ಟ ಪಟ್ಟಿಯಲ್ಲಿ ಹೋಗುವವರ ಖರ್ಚೆಲ್ಲ ಇದೆ, ಮರಳಿ ಬಂದವರಿಗೆ ಒಂದು ಪೈಸೆಯೂ ಇಲ್ಲ. ಇಂಥ ಯೋಜನೆಗಳು ಬಹುಪಾಲು ಎಡವುವುದು ಅಲ್ಲೇ. ಒಳ್ಳೆಯ ಲ್ಯಾಬ್‌ನಲ್ಲಿ ಎರಡು ವರ್ಷ ಕಲಿತು ಬಂದವರಿಗೆ ಇಲ್ಲಿ ಕಾದಿರುವುದು ಪಾಠ, ಪ್ರಾಕ್ಟಿಕಲ್, ದಿನದ ರಿಪೋರ್ಟಿಂಗ್, ತಪಾಸಣಾ ತಂಡ ಬಂದಾಗ ಫೈಲು ಜೋಡಿಸುವ ಕೆಲಸ. ರೀಏಜೆಂಟಿಗೆ ದುಡ್ಡಿಲ್ಲ, ಸಹಾಯಕರಿಲ್ಲ, ವಾರದಲ್ಲಿ ಒಂದು ದಿನವೂ ಬಿಡುವಿಲ್ಲ. ಅವರು ಒಂದೋ ಕಲಿತದ್ದನ್ನು ಮರೆಯುತ್ತಾರೆ, ಇಲ್ಲವೇ ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತಾರೆ. ಆದ್ದರಿಂದ ತರಬೇತಿಯ ಅವಧಿಯನ್ನು ಎರಡು ವರ್ಷ ಎಂದು ಲೆಕ್ಕ ಹಾಕಬೇಡಿ, ನಾಲ್ಕು ಎಂದು ಹಾಕಿ. ಕೊನೆಯ ಎರಡು ವರ್ಷ ಇಲ್ಲಿ ಕೂತು ಮಾಡುವ ಸಂಶೋಧನೆಗೆ ಸೇರಿದ್ದು. ಅದಕ್ಕೆ ಬೇಕಾದ ಹಣ, ಸಮಯ, ಜಾಗ ಮೂರೂ ಒಡಂಬಡಿಕೆಯಲ್ಲೇ ಬರಬೇಕು.

ಇದು ಹೊಸ ಮಾತೇನೂ ಅಲ್ಲ, ನಮ್ಮಲ್ಲೇ ಹಳೆಯ ಪುರಾವೆ ಇದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಶುರು ಮಾಡಿದ್ದು 1952ರಲ್ಲಿ. ಐದು ವರ್ಷದ ಬಳಿಕ, 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಭಯ ಹುಟ್ಟಿತ್ತು. ವೈರಸ್ ಪ್ರತ್ಯೇಕಿಸಿ, ಅದು ರಷ್ಯಾದಲ್ಲಿ ಉಣುಗು (ಟಿಕ್) ಹುಳದಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ ಎಂದು ಗುರುತಿಸಿದ್ದು ಇದೇ ಕೇಂದ್ರ. ರಾಕ್‌ಫೆಲರ್ 1967ರಲ್ಲಿ ಕೈಬಿಟ್ಟಿತು. ಕೇಂದ್ರ ಮುಚ್ಚಲಿಲ್ಲ. ಐಸಿಎಂಆರ್ ಹಣದಲ್ಲಿ ನಡೆದು 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಲ್ಯಾಬ್ ಇಲ್ಲಿತ್ತು, ಹುದ್ದೆಗಳು ಇಲ್ಲಿದ್ದವು, ರೋಗವೂ ಇಲ್ಲಿನದೇ. ನಿಮ್ಮ ಕರಡಿನಲ್ಲಿ ಈ ಮೂರರ ಪೈಕಿ ಮೂರನೆಯದು ಮಾತ್ರ ಇದೆ.

ಈಚಿನ ಉದಾಹರಣೆ ಬೇಕಿದ್ದರೆ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯವನ್ನು ನೋಡಿ. ಅದು 1980ರಿಂದ ನೈರೋಬಿ ವಿಶ್ವವಿದ್ಯಾಲಯದ ಜೊತೆ ಲೈಂಗಿಕ ಸೋಂಕುಗಳ ಮೇಲೆ, ಆಮೇಲೆ ಎಚ್‌ಐವಿ ಮೇಲೆ ಕೆಲಸ ಮಾಡಿತು. 2001ರಲ್ಲಿ ಕೆನಡಾ ನೆರವಿನ ಎಚ್‌ಐವಿ ಯೋಜನೆಯ ಮೂಲಕ ಕರ್ನಾಟಕಕ್ಕೂ ಬಂತು, 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಆ ಯೋಜನೆ ಮುಗಿಯಿತು, ಟ್ರಸ್ಟ್ ಇವತ್ತಿಗೂ ಬೆಂಗಳೂರಿನಿಂದ ನಡೆಯುತ್ತಿದೆ. ಇದೇ ಬಳಗ ಕೆನಡಾ, ಕೀನ್ಯಾ, ಭಾರತ, ಕೊಲಂಬಿಯಾ ನಾಲ್ಕೂ ಕಡೆಯ ವಿದ್ಯಾರ್ಥಿಗಳಿಗೆ ಜಂಟಿ ತರಬೇತಿಯನ್ನೂ ನಡೆಸಿತು. ಅದರಲ್ಲಿ ಕೆನಡಾದವರೂ ಕಲಿಯುವವರಾಗಿಯೇ ಇಲ್ಲಿಗೆ ಬರಬೇಕಿತ್ತು. ನಿಮ್ಮ ಕರಡಿನಲ್ಲಿ ಸಂಚಾರ ಒಂದೇ ದಿಕ್ಕಿಗೆ ಇದ್ದರೆ ಯಾಕೆ ಎಂದು ಕೇಳಿ.

ಇನ್ನು ತರಬೇತಿಯ ಮಾದರಿ. ಅಲ್ಲೇ ಎರಡು ವರ್ಷ ಕೂರುವ ಪದವಿಗಿಂತ ಸ್ಯಾಂಡ್‌ವಿಚ್ ಪದ್ಧತಿ ನಿಮಗೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯ ಮತ್ತು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆ ಇದೇ ರೀತಿ ಪಿಎಚ್‌ಡಿ ಮಾಡಿಸಿದವು: ಹೆಚ್ಚಿನ ಸಮಯ ಕಂಪಾಲದಲ್ಲಿ, ಕೋರ್ಸು, ವಿಶ್ಲೇಷಣೆ, ಬರವಣಿಗೆಗೆ ಕೆಲವು ತಿಂಗಳು ಸ್ಟಾಕ್‌ಹೋಮ್‌ನಲ್ಲಿ. ಸಂಶೋಧಕ ತನ್ನ ಆಸ್ಪತ್ರೆಯ ವಾರ್ಡಿನಿಂದ ದೂರವಾಗುವುದಿಲ್ಲ, ಹುದ್ದೆಯೂ ಕೈತಪ್ಪುವುದಿಲ್ಲ. ಅದೇ ಮಕೆರೆರೆ ಜೊತೆ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1988ರಿಂದ ಕ್ಷಯ ಮತ್ತು ಎಚ್‌ಐವಿ ಮೇಲೆ ದುಡಿಯಿತು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಫೊಗಾರ್ಟಿ ಕೇಂದ್ರ ಏಡ್ಸ್ ಸಂಶೋಧಕರ ಅಂತರರಾಷ್ಟ್ರೀಯ ತರಬೇತಿಗೆ ಗ್ರಾಂಟ್ ಕೊಡಲು ಶುರು ಮಾಡಿದ್ದೂ ಅದೇ ವರ್ಷ. ಆಫ್ರಿಕಾದ ಮೊದಲ ಎಚ್‌ಐವಿ ಲಸಿಕೆ ಪ್ರಯೋಗ 1999ರಲ್ಲಿ ಕಂಪಾಲದಲ್ಲಿ ನಡೆದಾಗ ಅದರ ಮುಖ್ಯ ಸಂಶೋಧಕ ಉಗಾಂಡದವರೇ ಆದ ರಾಯ್ ಮುಗೆರ್ವ. ಹನ್ನೊಂದು ವರ್ಷದ ತಯಾರಿ ಅದರ ಹಿಂದಿತ್ತು. ಐದು ವರ್ಷದ ಒಂದು ಗ್ರಾಂಟಿನಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ನಿಮ್ಮ ಆಡಳಿತ ಮಂಡಳಿ ಇದರಿಂದ ಅಂದಾಜು ಮಾಡಿಕೊಳ್ಳಲಿ.

ಪೂರ್ಣಾವಧಿಗೆ ಹೊರಗೆ ಹೋಗುವುದೇ ಸರಿ ಎನ್ನುವ ವಿಷಯಗಳೂ ಇವೆ. ಗಣಿತ ಮಾದರಿ, ಜೀನೋಮ್ ವಿಶ್ಲೇಷಣೆ, ಜೈವಿಕ ಸಂಖ್ಯಾಶಾಸ್ತ್ರ ಇಂಥವನ್ನು ಅರೆಬರೆ ಕಲಿತರೆ ಪ್ರಯೋಜನವಿಲ್ಲ. ಜಂಟಿ ಪದವಿಯ ಆಸೆ ತೋರಿಸಿದರೆ ಮಾತ್ರ ಎಚ್ಚರ. ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯದ್ದು. ನಿಮ್ಮದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜಾಗಿದ್ದರೆ ಕಾಲೇಜಿನ ಸಹಿಯಿಂದ ಜಂಟಿ ಪದವಿ ಹುಟ್ಟುವುದಿಲ್ಲ. ಜಂಟಿ ಪದವಿ ಕುರಿತ ಯುಜಿಸಿಯ 2022ರ ನಿಯಮಾವಳಿಯ ಅರ್ಹತಾ ಷರತ್ತುಗಳನ್ನೂ ನೋಡಿಕೊಳ್ಳಬೇಕು.

ಯಾರನ್ನು ಕಳಿಸಬೇಕು? ಕಾಯಂ ಹುದ್ದೆಯಲ್ಲಿರುವವರನ್ನು, ಮರಳಿದ ಮೇಲೆ ಕನಿಷ್ಠ ಹದಿನೈದು ವರ್ಷ ಸೇವೆ ಉಳಿದಿರುವವರನ್ನು. ವಿಭಾಗದ ಮುಖ್ಯಸ್ಥರನ್ನು ಗೌರವಕ್ಕಾಗಿ ಕಳಿಸುವ ರೂಢಿ ಬಿಡಿ. ಜೋಡಿಯಾಗಿ ಆರಿಸುವುದು ಒಳ್ಳೆಯದು: ಒಬ್ಬರು ಮೆಡಿಸಿನ್ ಅಥವಾ ಕಮ್ಯುನಿಟಿ ಮೆಡಿಸಿನ್‌ನಿಂದ, ಇನ್ನೊಬ್ಬರು ಲ್ಯಾಬ್‌ನಿಂದ, ಇಬ್ಬರದೂ ಒಂದೇ ರೋಗ. ಒಂಟಿಯಾಗಿ ಬಂದ ಮೈಕ್ರೋಬಯಾಲಜಿಸ್ಟ್‌ಗೆ ವಾರ್ಡಿನಲ್ಲಿ ರೋಗಿಗಳನ್ನು ಸೇರಿಸಿಕೊಳ್ಳುವವರು ಸಿಗುವುದಿಲ್ಲ. ಒಂಟಿ ಫಿಸಿಶಿಯನ್‌ಗೆ ಸ್ಯಾಂಪಲ್ ಸಂಜೆ ಆರಕ್ಕೆ ಬಂದರೆ ಸೆಂಟ್ರಿಫ್ಯೂಜ್ ಹಾಕುವವರಿಲ್ಲ. ಅದಕ್ಕಿಂತ ಮುಖ್ಯವಾಗಿ, ವರ್ಷಕ್ಕೆ ಇಬ್ಬರು ಎಂಬ ಲೆಕ್ಕದಲ್ಲಿ ಒಂದು ಜಾಗವನ್ನಾದರೂ ಮೂರು ಮೂರು ತಿಂಗಳ ಚಿಕ್ಕ ತರಬೇತಿಗಳಾಗಿ ಒಡೆದು ಲ್ಯಾಬ್ ಟೆಕ್ನೀಷಿಯನ್, ಡೇಟಾ ಮ್ಯಾನೇಜರ್, ಗ್ರಾಂಟ್ ಲೆಕ್ಕ ನೋಡುವ ಗುಮಾಸ್ತರಿಗೆ ಕೊಡಿಸಿ. ಇದನ್ನು ಕೇಳಿದರೆ ಆಡಳಿತ ಮಂಡಳಿಗಳು ಮೂಗು ಮುರಿಯುತ್ತವೆ. ಆದರೆ ಖರ್ಚಿನ ವರದಿ ಸರಿಯಾಗಿ ಹೋಗದೆ ಎರಡನೇ ವರ್ಷದ ಕಂತು ತಡವಾದರೆ ಲ್ಯಾಬ್‌ನಲ್ಲಿ ಎಂಥ ಪಂಡಿತರಿದ್ದರೂ ಕೆಲಸ ನಿಲ್ಲುತ್ತದೆ.

ಮರಳಿ ಬಂದು ಇಲ್ಲೇ ದುಡಿಯುತ್ತೇನೆಂಬ ಬಾಂಡ್ ಬರೆಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಅದನ್ನೇ ನಂಬಬೇಡಿ. ಕೆಲಸ ಮಾಡಲು ಏನೂ ಇಲ್ಲದ ಕಡೆ ಬಾಂಡ್ ಹಿಡಿದು ಕೂರಿಸಿದ ಸಂಶೋಧಕ ಸಂಶೋಧನೆ ಮಾಡುವುದಿಲ್ಲ. ಅಮೆರಿಕ ಸರ್ಕಾರದ ಹಣದಲ್ಲಿ ಜೆ-1 (ವಿನಿಮಯ ಸಂದರ್ಶಕರ) ವೀಸಾ ಮೇಲೆ ಹೋದವರಿಗೆ ಬೇರೊಂದು ಕಟ್ಟೂ ಇದೆ: ಸ್ವದೇಶದಲ್ಲಿ ಎರಡು ವರ್ಷ ಇರುವ ತನಕ ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಸಿಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಮೆರಿಕ ತನ್ನ ಕೌಶಲ ಪಟ್ಟಿಯಿಂದ (ಇದರಲ್ಲಿರುವ ದೇಶಗಳ ಪರಿಣತರಿಗೂ ಇದೇ ಷರತ್ತು) ಭಾರತವನ್ನು ತೆಗೆಯಿತು, ಹಾಗಾಗಿ ಈ ಷರತ್ತೇ ಹೋಯಿತು ಎಂದು ಕೆಲವರು ಭಾವಿಸಿದ್ದಾರೆ. ಸರ್ಕಾರಿ ಹಣ ಪಡೆದವರಿಗೆ ಅದು ಈಗಲೂ ಇದೆ. ಹೋಗುವವರಿಗೆ ಇದನ್ನು ಮೊದಲೇ ಹೇಳಿ, ಆಮೇಲೆ ಮನಸ್ತಾಪ ಬೇಡ.

ಈಗ ತರಬೇತಿಯ ಜೊತೆಗಿನ ಅಧ್ಯಯನಕ್ಕೆ ಬರೋಣ. ಹೆಚ್ಚಿನ ಅಭ್ಯರ್ಥಿಗಳು ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ಕ್ಯಾಲೆಂಡರಿನಿಂದ. ಒಂದು ಲೆಕ್ಕ ಹಾಕಿ ನೋಡೋಣ. ಜ್ವರದಿಂದ ದಾಖಲಾದವರಲ್ಲಿ ಸ್ಕ್ರಬ್ ಟೈಫಸ್ (ಚಿಗ್ಗರ್ ಎಂಬ ಸಣ್ಣ ಹುಳದ ಕಡಿತದಿಂದ ಬರುವ ಜ್ವರ) ಎಷ್ಟು ಎಂಬುದು ಪ್ರಶ್ನೆ ಎಂದಿಟ್ಟುಕೊಳ್ಳಿ. ಶೇ 10 ಇರಬಹುದೆಂಬ ಅಂದಾಜು, ಆಚೀಚೆ ಶೇ 3ರ ನಿಖರತೆ, ಶೇ 95ರ ವಿಶ್ವಾಸ ಮಟ್ಟ (ಅದಕ್ಕೆ ಬಳಸುವ ಅಂಕಿ 1.96). 1.96ರ ವರ್ಗವನ್ನು 0.1 ಮತ್ತು 0.9ರಿಂದ ಗುಣಿಸಿ 0.03ರ ವರ್ಗದಿಂದ ಭಾಗಿಸಿದರೆ 385 ಜನ. ಹತ್ತರಲ್ಲಿ ಒಬ್ಬರು ಬಿಟ್ಟುಹೋಗುತ್ತಾರೆಂದು ಹಿಡಿದರೆ 428. ನಿಮ್ಮ ಆಸ್ಪತ್ರೆಯಲ್ಲಿ ತಿಂಗಳಿಗೆ 15 ಅರ್ಹ ರೋಗಿಗಳು ಒಪ್ಪಿಗೆ ಕೊಡುತ್ತಾರೆ ಎನ್ನೋಣ. ವರ್ಷವಿಡೀ ಸೇರಿಸಿದರೂ 29 ತಿಂಗಳು. ಆದರೆ ದಕ್ಷಿಣ ಭಾರತದಲ್ಲಿ ಈ ರೋಗ ಹೆಚ್ಚುವುದು ಮಳೆ ಮುಗಿದ ಮೇಲೆ, ತಂಪು ತಿಂಗಳುಗಳಲ್ಲಿ. ಸೆಪ್ಟೆಂಬರ್‌ನಿಂದ ಜನವರಿಯ ಐದು ತಿಂಗಳನ್ನಷ್ಟೇ ಹಿಡಿದರೆ ಒಂದು ಸೀಸನ್‌ಗೆ 75 ಜನ, 428 ಆಗಲು ಆರು ಸೀಸನ್ ಬೇಕು. ಎರಡು ವರ್ಷದ ಪದವಿಗೆ ಇದು ಸಾಧ್ಯವಿಲ್ಲ. ಇನ್ನೊಂದು ಆಸ್ಪತ್ರೆ ಸೇರಿಸಿಕೊಂಡು, ನಿಖರತೆಯನ್ನು ಶೇ 4ಕ್ಕೆ ಸಡಿಲಿಸಿದರೆ 217, ಬಿಟ್ಟುಹೋಗುವವರನ್ನು ಸೇರಿಸಿ 242. ಎರಡು ಸೀಸನ್‌ನಲ್ಲಿ ಮುಗಿಯುತ್ತದೆ. ಅಮೆರಿಕದ ಗೈಡ್‌ಗೆ ನಿಮ್ಮ ಊರಿನ ಸೀಸನ್ ಗೊತ್ತಿರುವುದಿಲ್ಲ, ಈ ಲೆಕ್ಕವನ್ನು ಇಲ್ಲಿನ ಗೈಡೇ ಹಾಕಬೇಕು.

ರೋಗದಿಂದ ರೋಗಕ್ಕೆ ಕ್ಯಾಲೆಂಡರ್ ಬೇರೆ. ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇ ತನಕ, ಕರಾವಳಿಯ ಇಲಿ ಜ್ವರ ಮುಂಗಾರಿನಲ್ಲಿ. ಕ್ಷಯಕ್ಕೆ ಸೀಸನ್ ಇಲ್ಲ, ಆದರೆ ಕಾಯುವಿಕೆ ಇದೆ: ರೋಗಾಣು ಬೆಳೆಸಿ ನೋಡುವ ಕಲ್ಚರ್ ದ್ರವ ಮಾಧ್ಯಮದಲ್ಲಾದರೆ (ಎಂಜಿಐಟಿ) ನೆಗೆಟಿವ್ ಎನ್ನಲು 42 ದಿನ, ಎಲ್‌ಜೆ ಎಂಬ ಘನ ಮಾಧ್ಯಮದಲ್ಲಾದರೆ ಎಂಟು ವಾರ. ಆರು ತಿಂಗಳ ಚಿಕಿತ್ಸೆ, ಅದರ ಮೇಲೆ ರೋಗ ಮರುಕಳಿಸುತ್ತದೆಯೇ ಎಂದು ಒಂದು ವರ್ಷ ನೋಡಿದರೆ ಕೊನೆಯ ರೋಗಿಯ ಒಂದೂವರೆ ವರ್ಷ ಅಲ್ಲೇ ಹೋಯಿತು. ಸ್ನಾತಕೋತ್ತರ ಅಭ್ಯರ್ಥಿಗೆ ಇಂಥ ಪ್ರಶ್ನೆ ಕೊಡಲೇಬಾರದು. ಜ್ವರದ ಅಧ್ಯಯನದಲ್ಲಿ ಇನ್ನೊಂದು ಕಡೆ ಗಮನವಿರಲಿ. ಜ್ವರ ಬಂದ ಮೊದಲ ನಾಲ್ಕೈದು ದಿನಗಳಲ್ಲಿ ತೆಗೆದ ರಕ್ತದಲ್ಲಿ ಐಜಿಎಂ (ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯ) ಇನ್ನೂ ಏರಿರುವುದಿಲ್ಲ, ಅದನ್ನು ಹುಡುಕುವ ಎಲೈಸಾ ಪರೀಕ್ಷೆ ನೆಗೆಟಿವ್ ಬರುತ್ತದೆ. ಆಗ ಪಿಸಿಆರ್ ಬೇಕು, ಅಥವಾ ಎರಡು ವಾರದ ಬಳಿಕ ಎರಡನೇ ರಕ್ತ ಬೇಕು. ಎರಡನೇ ಬಾರಿ ಬರುವ ರೋಗಿಗಳು ಕಡಿಮೆ. ಅವರ ಬಸ್ ಖರ್ಚು, ಒಂದು ದಿನದ ಕೂಲಿಯನ್ನು ಬಜೆಟ್‌ನಲ್ಲೂ ಒಪ್ಪಿಗೆ ಪತ್ರದಲ್ಲೂ ಮೊದಲೇ ಬರೆದು ನೈತಿಕ ಸಮಿತಿಗೆ ತೋರಿಸಿ.

ಅನುಮತಿಗಳ ವಿಷಯಕ್ಕೆ ಬಂದರೆ, ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಮಾತ್ರ ಸಾಲದು. ಆ ಸಮಿತಿ 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಅವಧಿ ಮುಗಿದಿಲ್ಲವೇ ನೋಡಿ. ವಿದೇಶಿ ಹಣ ಅಥವಾ ವಿದೇಶಿ ಸಹಯೋಗ ಇರುವ ಆರೋಗ್ಯ ಸಂಶೋಧನೆ ಐಸಿಎಂಆರ್ ಮೂಲಕ ನಡೆಯುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ, ಅಂದರೆ ಎಚ್‌ಎಂಎಸ್‌ಸಿ, ಮುಂದೆ ಹೋಗಬೇಕು. ಬಜೆಟ್, ಎರಡೂ ಕಡೆಯ ಜವಾಬ್ದಾರಿ, ಸ್ಯಾಂಪಲ್ ಹೊರಹೋಗುವುದಾದರೆ ವಸ್ತು ವರ್ಗಾವಣೆ ಒಪ್ಪಂದ ಎಲ್ಲ ಕೇಳುತ್ತಾರೆ. ಇದಕ್ಕೆ ಆರು ತಿಂಗಳು ಎತ್ತಿಡಿ. ಜನವರಿಯಲ್ಲಿ ಅರ್ಜಿ ಹಾಕಿದರೆ ಸೆಪ್ಟೆಂಬರ್ ಸೀಸನ್ ಸಿಗಬಹುದು, ಜೂನ್‌ನಲ್ಲಿ ಹಾಕಿದರೆ ಆ ವರ್ಷ ಹೋಯಿತು ಎಂದೇ ತಿಳಿಯಿರಿ. ಚಿಕಿತ್ಸಾ ಪ್ರಯೋಗವಾದರೆ ಮೊದಲ ರೋಗಿ ಸೇರುವ ಮುನ್ನವೇ ಭಾರತದ ಚಿಕಿತ್ಸಾ ಪ್ರಯೋಗಗಳ ದಾಖಲೆಪಟ್ಟಿಯಲ್ಲಿ (ಸಿಟಿಆರ್‌ಐ) ನೋಂದಣಿ ಆಗಬೇಕು. 2018ರ ಏಪ್ರಿಲ್‌ನಿಂದ ಹಿಂದಿನ ದಿನಾಂಕದ ನೋಂದಣಿ ಇಲ್ಲ. ರೋಗಾಣುವಿನ ಕಲ್ಚರ್ ಹೊರಗೆ ಕಳಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯೂ ಬರುತ್ತದೆ. ಸೂಕ್ಷ್ಮಜೀವಿಗಳು ಅದರ ವ್ಯಾಪ್ತಿಯಲ್ಲಿವೆ, ಮನುಷ್ಯರ ಆನುವಂಶಿಕ ವಸ್ತು ಇಲ್ಲ. ಕೇಂದ್ರದ ಮಾರ್ಗಸೂಚಿಗೆ ಹೊಂದಿ ಅನುಮೋದನೆ ಪಡೆದ ಸಹಯೋಗಗಳಿಗೆ ವಿನಾಯಿತಿ ಇದೆ, ಆದರೆ ಅದು ತಾನಾಗಿ ಬರುವುದಿಲ್ಲ.

ಸ್ಯಾಂಪಲ್ ಕಳಿಸುವುದೇ ಒಂದು ವಿದ್ಯೆ, ಅಭ್ಯರ್ಥಿಗೆ ಅದನ್ನೂ ಕಲಿಸಿ. ಸಾಗಣೆ ನಿಯಮದಲ್ಲಿ ಹೆಚ್ಚು ಅಪಾಯದ ಸೋಂಕು ವಸ್ತು ಎ ವರ್ಗ, ಕಡಿಮೆ ಅಪಾಯದ್ದು ಬಿ ವರ್ಗ, ಪ್ರತಿಯೊಂದಕ್ಕೂ ಒಂದು ಯುಎನ್ ಸಂಖ್ಯೆ. ಕ್ಷಯ ರೋಗಿಯ ಕಫ ಬಿ ವರ್ಗ, ಯುಎನ್ 3373. ಅದೇ ಕಫದಿಂದ ಬೆಳೆಸಿದ ಕಲ್ಚರ್ ಎ ವರ್ಗ, ಯುಎನ್ 2814. ಡೆಂಗಿಗೂ ಹಾಗೇ, ರಕ್ತ ಬಿ, ಕಲ್ಚರ್ ಎ. ಮಂಗನ ಕಾಯಿಲೆಯ ವೈರಸ್ ಇದೆಯೆಂದು ಗೊತ್ತಿರುವ ಅಥವಾ ಶಂಕಿಸಿದ ರೋಗಿಯ ರಕ್ತವೇ ಎ ವರ್ಗ. ಇದು ಗೊತ್ತಿಲ್ಲದೆ ಪೆಟ್ಟಿಗೆಗಳು ವಿಮಾನ ನಿಲ್ದಾಣದಲ್ಲಿ ಸಿಲುಕುತ್ತವೆ. ಬಿ ವರ್ಗಕ್ಕೂ ಮೂರು ಪದರದ ಪ್ಯಾಕಿಂಗ್ ಬೇಕು: ಸೋರದ ಒಳ ಟ್ಯೂಬ್, ಅದರ ಸುತ್ತ ಹೀರುವ ವಸ್ತು, ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ. ಟ್ಯೂಬ್ ಅಥವಾ ಡಬ್ಬಿ 95 ಕಿಲೋಪ್ಯಾಸ್ಕಲ್ ಒತ್ತಡ ವ್ಯತ್ಯಾಸ ತಡೆಯಬೇಕು. ಡ್ರೈ ಐಸ್ ಇರಬೇಕಾದದ್ದು ಎರಡನೇ ಡಬ್ಬಿಯ ಹೊರಗೆ, ಅನಿಲ ಹೊರಹೋಗಲು ದಾರಿ ಬಿಟ್ಟು. ಒಳಗೆ ಮುಚ್ಚಿಟ್ಟರೆ ಡಬ್ಬಿ ಸಿಡಿಯುತ್ತದೆ. ಹೊರಗೆ ಯುಎನ್ 1845 ಗುರುತು ಮತ್ತು ಡ್ರೈ ಐಸಿನ ತೂಕ ಕಿಲೋದಲ್ಲಿ ಇರಬೇಕು. ಸೋಮವಾರ, ಮಂಗಳವಾರ ಮಾತ್ರ ಕಳಿಸಿ. ಶುಕ್ರವಾರ ಹೊರಟ ಪೆಟ್ಟಿಗೆ ಭಾನುವಾರ ಕಸ್ಟಮ್ಸ್‌ನಲ್ಲಿ ಕರಗುತ್ತದೆ. ಪ್ಯಾಕ್ ಮಾಡುವವರ ಐಎಟಿಎ (ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ) ತರಬೇತಿ ಪ್ರಮಾಣಪತ್ರಕ್ಕೆ ಎರಡೇ ವರ್ಷ ಆಯಸ್ಸು.

ಇಷ್ಟೆಲ್ಲ ಮಾಡಿ ಪ್ರತಿ ಸ್ಯಾಂಪಲ್ಲನ್ನೂ ಅಲ್ಲಿಗೇ ಯಾಕೆ ಕಳಿಸಬೇಕು? ನಿಮ್ಮ ಕರಡಿನ ಎರಡನೇ ದೊಡ್ಡ ದೋಷ ಇದೇ. ಐಜಿಎಂ ಎಲೈಸಾ, ಸಾಮಾನ್ಯ ಪಿಸಿಆರ್ ನಿಮ್ಮ ಬಿಎಸ್‌ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆಯ) ಲ್ಯಾಬ್‌ನಲ್ಲೇ ಆಗುತ್ತವೆ. ಗುಣಮಟ್ಟ ಪರಿಶೀಲನೆಗೆ ಶೇ 10 ಸ್ಯಾಂಪಲ್ ಮಾತ್ರ ಹೋಗಲಿ, ಅದೂ ಮೊದಲ ವರ್ಷದಲ್ಲಿ. ಸಾಗಣೆಯ ಹಣವನ್ನು ಎರಡನೇ ಡೀಪ್ ಫ್ರೀಜರ್, ಅದಕ್ಕೆ ಪ್ರತ್ಯೇಕ ವಿದ್ಯುತ್ ಬ್ಯಾಕಪ್, ಬಯೋಸೇಫ್ಟಿ ಕ್ಯಾಬಿನೆಟ್‌ನ ವಾರ್ಷಿಕ ಪ್ರಮಾಣೀಕರಣಕ್ಕೆ ತಿರುಗಿಸಿ. ಪ್ರತಿ ಸ್ಯಾಂಪಲ್ ಎರಡು ಪಾಲಾಗಲಿ, ಒಂದು ಇಲ್ಲೇ ಉಳಿಯಲಿ. ಹೋದ ಪಾಲಿನ ಮೇಲೆ ಒಪ್ಪಂದದಲ್ಲಿಲ್ಲದ ಪರೀಕ್ಷೆ ಮಾಡಬಾರದು, ಅವಧಿ ಮುಗಿದ ಮೇಲೆ ಹಿಂತಿರುಗಿಸಬೇಕು ಅಥವಾ ನಾಶ ಮಾಡಿ ಲಿಖಿತವಾಗಿ ತಿಳಿಸಬೇಕು.

ಹಣದ ಬಗ್ಗೆ ಎರಡು ಮಾತು. ಎನ್‌ಐಎಚ್ ತರಬೇತಿ ಗ್ರಾಂಟ್‌ಗಳಲ್ಲಿ ಪರೋಕ್ಷ ವೆಚ್ಚ, ಅಂದರೆ ಸಂಸ್ಥೆಯ ಆಡಳಿತ, ಕಟ್ಟಡದಂಥ ಖರ್ಚಿಗೆ ಕೊಡುವ ಪಾಲು, ಶೇ 8 ಮಾತ್ರ. ಆಡಳಿತ ಮಂಡಳಿ ಶೇ 20, 30 ಸಿಗುತ್ತದೆಂದು ಕನಸು ಕಂಡಿದ್ದರೆ ಈಗಲೇ ಹೇಳಿಬಿಡಿ. ಇನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ: 2020ರ ತಿದ್ದುಪಡಿಯ ಬಳಿಕ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಹಣ ಬರಬೇಕಾದದ್ದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಕಾಲೇಜು ನಡೆಸುವ ಟ್ರಸ್ಟ್‌ಗೆ ಈ ಕಾಯ್ದೆಯ ನೋಂದಣಿ ಇದ್ದು ಕಾಲೇಜು ಬೇರೆ ಕಾನೂನು ಘಟಕವಾಗಿದ್ದರೆ ಟ್ರಸ್ಟ್‌ಗೆ ಬಂದ ಹಣ ಕಾಲೇಜಿಗೆ ಹರಿಯುವುದಿಲ್ಲ. ಸಹಿಗೆ ಮೊದಲು ಆಡಿಟರ್‌ಗೆ ತೋರಿಸಬೇಕಾದ ಮೊದಲ ವಿಷಯ ಇದು. ಒಂದೇ ಮೂಲವನ್ನು ನೆಚ್ಚಿಕೊಳ್ಳುವುದೂ ಅಪಾಯ. 2025ರ ಮೇ 1ರಂದು ಎನ್‌ಐಎಚ್, ವಿದೇಶಿ ಸಂಸ್ಥೆಗಳಿಗೆ ಹಳೆಯ ಪದ್ಧತಿಯಲ್ಲಿ ಉಪ-ಗ್ರಾಂಟ್ (ಅಮೆರಿಕದ ಸಂಸ್ಥೆಗೆ ಕೊಟ್ಟ ಗ್ರಾಂಟಿನ ಪಾಲು) ಕೊಡುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ನಡುವೆ ಹಣ ನಿಂತರೆ ಅಲ್ಲಿರುವ ಅಭ್ಯರ್ಥಿಯ ಫೀಸು, ವಾಪಸ್ ಟಿಕೆಟ್ ಯಾರದು ಎಂದು ಒಂದು ಸಾಲು ಬರೆಸಿ. ಮರಳಿದವರ ಸಂಶೋಧನೆಗೆ ಇಂಡಿಯಾ ಅಲೈಯನ್ಸ್ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್‌ನ ಜಂಟಿ ಸಂಸ್ಥೆ) ಫೆಲೋಶಿಪ್, ಐಸಿಎಂಆರ್ ಪ್ರಾಜೆಕ್ಟ್‌ಗಳಿಗೆ ಅರ್ಜಿ ಹಾಕಿಸಿ. ಎರಡನೇ ವರ್ಷದ ಬರವಣಿಗೆಯ ತಿಂಗಳುಗಳಲ್ಲೇ ಅದರ ಕರಡು ತಯಾರಾಗಬೇಕು.

ಗೈಡ್ ಇಬ್ಬರಿರಲಿ, ಪ್ರಶ್ನೆ ಇಲ್ಲಿಯವರದಾಗಿರಲಿ. ಹೈಟಿಯ ಎಚ್‌ಐವಿ ಸಂಶೋಧನಾ ಕೇಂದ್ರ ಗೆಸ್ಕಿಯೊ 1982ರಿಂದ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆಗಿದೆ. ಎಚ್‌ಐವಿ ಔಷಧಿಯನ್ನು ಬೇಗ ಶುರು ಮಾಡಬೇಕೇ, ಕಾಯಬೇಕೇ ಎಂದು 816 ರೋಗಿಗಳಲ್ಲಿ ಅದು ಪರೀಕ್ಷಿಸಿತು. ಬೇಗ ಶುರು ಮಾಡಿದವರಲ್ಲಿ 6 ಸಾವು, ಕಾದವರಲ್ಲಿ 23. 2010ರ ಆ ಪ್ರಬಂಧದ ಮೊದಲ ಲೇಖಕ ಹೈಟಿಯ ವೈದ್ಯ. ಹೈಟಿಯ ಕ್ಲಿನಿಕ್‌ಗಳಲ್ಲಿ ದಿನವೂ ಎದುರಾಗುತ್ತಿದ್ದ ಪ್ರಶ್ನೆ ಅದು. ನಿಮ್ಮ ಒಪ್ಪಂದದಲ್ಲಿ ಅಭ್ಯರ್ಥಿಯ ಅಧ್ಯಯನದಿಂದ ಬರುವ ಮೊದಲ ಪ್ರಬಂಧಕ್ಕೆ ಅಭ್ಯರ್ಥಿಯೇ ಮೊದಲ ಲೇಖಕ, ಇಲ್ಲಿನ ಗೈಡ್ ಕೊನೆಯ ಅಥವಾ ಜಂಟಿ ಕೊನೆಯ ಲೇಖಕ ಎಂದಿರಲಿ. ದತ್ತಾಂಶದ ಮೂಲ ಪ್ರತಿ ಇಲ್ಲಿನ ಸರ್ವರ್‌ನಲ್ಲಿರಲಿ, ಹೆಸರು ವಿಳಾಸ ತೆಗೆದ ಪ್ರತಿ ಮಾತ್ರ ಅಲ್ಲಿಗೆ ಹೋಗಲಿ. ಎರಡೂ ಗೈಡ್‌ಗಳ ಜೊತೆ ಹದಿನೈದು ದಿನಕ್ಕೊಮ್ಮೆ ವೀಡಿಯೊ ಸಭೆ, ಅದರ ಟಿಪ್ಪಣಿ ಬರೆಯುವುದು ಅಭ್ಯರ್ಥಿಯ ಕೆಲಸ. ಸತತ ಮೂರು ಸಭೆಗೆ ಬಾರದ ಗೈಡ್‌ನನ್ನು ಬದಲಿಸುವ ಅಧಿಕಾರ ಜಂಟಿ ಸಮಿತಿಗಿರಬೇಕು. ಎರಡೂ ಕಡೆ ದೊಡ್ಡ ಹೆಸರುಗಳಿದ್ದು ಯಾರೂ ಕರಡು ಓದದ ಪಿಎಚ್‌ಡಿಗಳು ಬಹಳ.

ಕರಡು ತಿದ್ದಿ ಕಳಿಸುವಾಗ ಎಲ್ಲದಕ್ಕೂ ಪಟ್ಟು ಹಿಡಿಯಬೇಡಿ. ಲಾಂಛನ, ವಾರ್ಷಿಕ ಸಮ್ಮೇಳನ, ಪದವಿಯ ಹೆಸರು ಅವರಿಷ್ಟದಂತೆ ಇರಲಿ. ಮೂರು ಕಲಂ ಮಾತ್ರ ಬಿಟ್ಟುಕೊಡಬೇಡಿ. ಒಂದು, ಒಟ್ಟು ಬಜೆಟ್ಟಿನ ಕಾಲು ಭಾಗ ಮರಳಿದವರ ಇಲ್ಲಿನ ಸಂಶೋಧನೆಗೆ. ಎರಡು, ಇಲ್ಲಿ ಆಗುವ ಪರೀಕ್ಷೆ ಇಲ್ಲೇ. ಮೂರನೆಯದನ್ನು ಅಮೆರಿಕದವರಿಂದಲ್ಲ, ನಿಮ್ಮ ಆಡಳಿತ ಮಂಡಳಿಯಿಂದಲೇ ಬರೆಸಿಕೊಳ್ಳಬೇಕು: ಮರಳಿದ ಪ್ರತಿಯೊಬ್ಬರಿಗೂ ಎರಡು ವರ್ಷ ವಾರಕ್ಕೆ ಎರಡು ದಿನ ಪಾಠ ಮತ್ತು ಡ್ಯೂಟಿಯಿಂದ ಬಿಡುವು, ಆ ದಿನಗಳಿಗೆ ಬದಲಿ ಸಿಬ್ಬಂದಿ. ಈ ಮೂರನೆಯದಕ್ಕೆ ಸಹಿ ಸಿಕ್ಕ ಮೇಲೆಯೇ ಮೊದಲೆರಡನ್ನು ಅಮೆರಿಕಕ್ಕೆ ಕಳಿಸಿ.